ಗೆರಿ ಬಿಟ್ಟು ಬಳೀತೀನಿ

ಇದೊಂದು ಗೆರಿ ಬಿಡ್ತೀನ್ರಿ, ಭುಜಬಲಿ ಅಣ್ಣಾ.
ಉಳಿದ ಗ್ವಾಡಿಗೆಲ್ಲಾ ಎರಡು ಕೈ ಹೊಡೀತೀನಿ,
ನೀವು ಹೇಳಿದ್ದ ಬಣ್ಣಾನಽ, ಎಳೀ ನಿಂಬಿಕಾಯಿದು.
ಬಾಗಿಲ ಚೌಕಟ್ಟಿನ ಮ್ಯಾಲ ನಿಂತ ಈ ಕಂದು ಗೆರಿ ಮಾತ್ರ
ಮುಚ್ಚಾಕ ಕೈ ಬರವಲ್ದು.

ಐದನೇ ಇಸ್ವಿದು ಮೊಣಕಾಲಿಗಿತ್ತು, ಹೌದಲ್ಲ?
ಅದರ ಮ್ಯಾಲ ನಾನಽ ಬಳಿದೆ.
ಹತ್ತೊಂಬತ್ತರದು ನಿಮ್ಮ ಟೋಪಿ ಗೂಟದ ತನಕಾ.
ಅದನ್ನೂ ನಾನಽ ಬಳಿದೆ.
ಎರಡು ವರ್ಷಕ್ಕ ಮತ್ತ ಬಂತು.
ಹೊಳಿಗೆ ಓದಾಕ ಬರಂಗಿಲ್ಲ ಖರೆ,
ತಾ ಬರೆದ ಜಾಗಾ ಮರಿಯಂಗಿಲ್ಲ.

ದಾನವಾಡ, ಅಕಿವಾಟ, ಕುರುಂದವಾಡದ ಪ್ಯಾಟಿ ಓಣಿ,
ಮುನ್ನೂರು ಮನಿ ಒಳಗ ಕೆರೆದು ನೋಡೇನಿ.
ಬಣ್ಣದ ಕೆಳಗ ಸುಣ್ಣ, ಸುಣ್ಣದ ಕೆಳಗ ರಾಡಿ,
ರಾಡಿ ಕೆಳಗ ಉಬ್ಬಿದ ಇಟ್ಟಂಗಿ.
ಒಂದು ಮನ್ಯಾಗ ಪದರಿನೊಳಗ ಮೀನಿನ ಮುಳ್ಳು ಸಿಕ್ಕಿತ್ತು.
ಉಳ್ಳಾಗಡ್ಡಿ ಸೈತ ತಿನ್ನದವರ ಮನಿ.
ನಾ ಯಾರಿಗೂ ಹೇಳಲಿಲ್ಲ.

ನಗಬ್ಯಾಡ್ರಿ,
ಬಣ್ಣದ ಇಲಾಹಿ ವಿಮಾದ ಮಾತು ಆಡ್ತಾನಂತ.
ಟ್ರ್ಯಾಕ್ಟರಿಗೆ ಐತಿ ಅಂದ್ರಿ, ಎಮ್ಮಿಗೆ ಐತಿ,
ನಿಮ್ಮ ಜೀವಕ್ಕ ಎರಡು ಅದಾವು.
ಎಮ್ಮಿ ಈಜತೈತಿ, ಅಣ್ಣಾ.
ಟ್ರ್ಯಾಕ್ಟರ್ ಮಾಳಕ್ಕ ಏರತೈತಿ.
ನೀವು ಧೋತರ ಎತ್ತಿ ದೋಣಿ ಹತ್ತತೀರಿ.
ಮನಿ ಒಂದಽ ಎಲ್ಲಿಗೂ ಹೋಗಂಗಿಲ್ಲ.
ಕುತ್ತಿಗಿತನಕ ನಿಂತು
ಬಂದದ್ದೆಲ್ಲಾ ಕುಡೀತೈತಿ.

ತಾರಾಕ್ಕ ಚೌಗುಲೆ ಗೊತ್ತಲ್ಲ, ಹೊಲಿಗಿ ಮಷಿನ್ ಇಟ್ಟಾಕಿ?
ಆಕಿಗೂ ಆದಗೊಂಡ ಮಾವಗೂ ನಡುವ ಒಂದಽ ಗ್ವಾಡಿ.
ಆಕಿ ಶಾಣ್ಯಾತನದಿಂದ ಏನೂ ಮಾಡಿರಲಿಲ್ಲ,
ಸಾಲ ಕೊಡೂಮುಂದ ಬ್ಯಾಂಕಿನವರು
ಒತ್ತಾಯಕ್ಕ ಮನಿಗೆ ವಿಮಾ ಮಾಡಿಸಿದ್ರು, ಬೈಕೋತ ಸಹಿ ಹಾಕಿದ್ಲು.
ಪೂರಾ ರೊಕ್ಕ ಕೊಟ್ರು ಅಂತ ನಾ ಸುಳ್ಳು ಹೇಳಂಗಿಲ್ಲ.
ಸರ್ವೇದಾಂವ ಮೂಗಿಗೆ ಕರ್ಚೀಫ್ ಕಟಗೊಂಡು ಬಂದ,
ಕಪಾಟು ಹಳೇದು ಅಂತ ಅರ್ಧಾ ಕಡದ,
ತೊಯ್ದ ಮದವಿ ಫೋಟೋಕ್ಕ ಅವನ ಹಾಳ್ಯಾಗ ಕಾಲಮ್ಮಽ ಇರಲಿಲ್ಲ.
ನಾಕು ತಿಂಗಳ ಇಚಲಕರಂಜಿಗೆ ಓಡಾಡಿಸಿದ್ರು.
ಎಲ್ಲಾ ಖರೆ.
ಆದರ ಆ ದೀಪಾವಳಿಗೆ ಆಕಿ ಗ್ವಾಡಿ ಗಿಲಾವ್ ಆತು, ಬಣ್ಣಾ ಆತು,
ಮಷಿನ್ ಹೊಸಾದು ಬಂತು.
ಆಚಿ ಮಗ್ಗಲಿಗೆ ತಲಾಠಿ ಪಂಚನಾಮಾ ಬರಕೊಂಡು ಹೋದ,
ಆದಗೊಂಡ ಮಾವ ಇನ್ನೂ ರಸ್ತೆ ನೋಡಾಕ ಹತ್ಯಾನ.
ಇವತ್ತಿಗೂ ತಾರಾಕ್ಕನ ಗ್ವಾಡಿಗೆ ಅಂಗೈ ಇಟ್ರ
ಹೊಸಾ ಬಣ್ಣದ ಹಿಂದಿನಿಂದ
ಮಾವನ ತಂಪು ಹತ್ತತೈತಿ.

ನಂದಾ?
ಎರಡು ಖೋಲಿ, ಮ್ಯಾಲ ತಗಡು.
ವರ್ಷಕ್ಕೊಮ್ಮಿ ಒಂದು ದೊಡ್ಡ ಡಬ್ಬಿ ಬಣ್ಣದಷ್ಟು ಕಟ್ಟತೀನಿ.
ಹೊಳಿ ಬರದ ವರ್ಷ ಹೆಂಡ್ತಿ ಅಂತಾಳ:
ರೊಕ್ಕ ನೀರಾಗ ಹಾಕಿದಿ.
ಅಲ್ಲ, ನೀರಿನ ಹೊರಗ ಹಾಕೇನಿ ಅಂತೀನಿ.
ಕಾಗದ ಮನ್ಯಾಗ ಇಟ್ಟಿಲ್ಲ ಮತ್ತ,
ಜಯಸಿಂಗಪುರದಾಗ ತಂಗಿ ಟ್ರಂಕಿನ್ಯಾಗ ಐತಿ.
ನೀರು ಮೊದಲ ತಿನ್ನೂದು ಕಾಗದಾನಽ.

ಮುಂದ ನೋಡೂಣು ಅನಬ್ಯಾಡ್ರಿ.
ರಾಜಾಪುರ ಬಂಧಾರ ಮುಳುಗಿದ ಮ್ಯಾಲ ಆಫೀಸಿಗೆ ಹೋದ್ರ
ಅಲ್ಲಿ ಹುಡುಗ ನಿಮ್ಮ ಮಾರಿ ನೋಡಂಗಿಲ್ಲ,
ಕಿಡಕಿ ಹೊರಗ ಮಾಡ ನೋಡ್ತಾನ.
ಈಗ ಚೈತ್ರ. ಹೊಳ್ಯಾಗ ಹುಡುಗರು ಕ್ರಿಕೆಟ್ ಆಡಾಕ ಹತ್ಯಾರ.
ಈಗ ಕೇಳಿದ್ರ ಚಾ ತರಸ್ತಾನ.
ಸಣ್ಣ ಅಕ್ಷರ ಓದಿಸಿಕೋರಿ, ಅಷ್ಟಽ.
ಮನಿ ಬ್ಯಾರೆ, ಮನ್ಯಾಗಿನ ಸಾಮಾನು ಬ್ಯಾರೆ, ಎರಡೂ ಬರಸ್ರಿ.

ಏಣಿ ಸ್ವಲ್ಪ ಹಿಡೀರಿ.
ಬೀಗರು ಬಂದ್ರ ಚಂದ ಕಾಣಂಗಿಲ್ಲ ಅಂತೀರಾ, ಈ ಗೆರಿ?
ಹಂಗಾದ್ರ ಕ್ಯಾಲೆಂಡರ್ ತೂಗ ಹಾಕ್ರಿ,
ಮೊಳೀ ನಾನಽ ಬಡದು ಕೊಡ್ತೀನಿ.
ಆಷಾಢದ ಹಾಳಿ ತಿರುವೂಮುಂದ
ಗಾಳಿಗೆ ಅದು ಒಮ್ಮೆಮ್ಮೆ ಎದ್ದೀತು.
ಏಳಲಿ, ಬಿಡ್ರಿ.